ಬೂದಿ ದಿಬ್ಬದ ಗುಟ್ಟು: ಗಂಡ-ಹೆಂಡತಿ ಪತ್ತೇದಾರರಿಂದ ಒಂದು ಪಾಠ

ಪತ್ತೇದಾರಿ ಕಥೆಗಳಲ್ಲಿ ಒಂದು ತಣ್ಣನೆಯ ಜಾತಿ ಇದೆ. ಅದರಲ್ಲಿ ಗುಂಡಿನ ಸದ್ದಿಲ್ಲ, ರಕ್ತವಿಲ್ಲ. ಗಂಡ-ಹೆಂಡತಿ ಕೂಡಿ ಸುಳಿವಿಗೆ ಸುಳಿವು ಜೋಡಿಸಿ ಯಾವುದೋ ಹಳೇ ಗುಟ್ಟು ಬಿಡಿಸುತ್ತಾರೆ. ಅಂಥದ್ದೊಂದು ಕಥೆ ನಿಜವಾಗಿ ನಡೆದದ್ದು ನಮ್ಮ ಕಡೆಯೇ! ಅತ್ತ ದೇವದುರ್ಗದ ಕೃಷ್ಣೆ, ಇತ್ತ ಮಾನ್ವಿಯ ತುಂಗಭದ್ರೆ, ನಡುವೆ ರಾಯಚೂರು ದೋಆಬ್. ಈ ಸಂಚಿಕೆಯಲ್ಲಿ ಅದನ್ನೇ ಒಂದು ಪಾಠದಂತೆ ಓದೋಣ.

ಗುಟ್ಟು ಏನು?

ಈ ದೋಆಬಿನಲ್ಲಿ, ಪಕ್ಕದ ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಕೆಲವು ಮನೆಗಿಂತ ಎತ್ತರ. ಒಂದು ಕಡೆ ಮೆತ್ತನೆಯ ಬೂದಿ, ಇನ್ನೊಂದು ಕಡೆ ಗಾಜಿನಂತೆ ಕರಗಿ ಗಟ್ಟಿಯಾದ, ತೂತು ತೂತಾದ ಗಡ್ಡೆಗಳು. ಇಷ್ಟೊಂದು ಬೂದಿ ಬಂದದ್ದು ಎಲ್ಲಿಂದ?

ಯಾರ ಮೇಲೆ ಅನುಮಾನ?

ರಾಕ್ಷಸರನ್ನು ಸುಟ್ಟ ಬೂದಿ ಅಂತ ಊರ ಹಿರಿಯರು ಹೇಳ್ತಿದ್ರು. ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕರಗಿಸಿದ ಕಿಟ್ಟ ಅಂದವರಿದ್ದರು, ವಿಜಯನಗರ ಕಾಲದ ಸಾಮೂಹಿಕ ದಹನ ಅಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ 19ನೇ ಶತಮಾನದಲ್ಲೇ "ಇದು ದನದ ಸಗಣಿ ಸುಟ್ಟ ಬೂದಿ" ಅಂದಿದ್ದರು. ಆದರೆ ವಾದ ಮುಗಿಯಲಿಲ್ಲ.

ದಂಪತಿ ಬಂದರು

ರೇಮಂಡ್ ಮತ್ತು ಬ್ರಿಜೆಟ್ ಆಲ್ಚಿನ್ ಮದುವೆಯಾದದ್ದು 1951ರಲ್ಲಿ. ಅದೇ ವರ್ಷ ಇಬ್ಬರೂ ಅಫ್ಘಾನಿಸ್ತಾನದ ದಾರಿಯಾಗಿ ಭಾರತಕ್ಕೆ ಬಂದರು. ರೇಮಂಡ್ ಮೊದಲು ವಾಸ್ತುಶಿಲ್ಪ ಓದಿದವರು. ಬ್ರಿಜೆಟ್ ಅವರದು ಕಲ್ಲಿನ ಆಯುಧಗಳ ಅಧ್ಯಯನ. 1952ರಲ್ಲಿ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ನಡೆಯಿತು. ಬೂದಿ ದಿಬ್ಬದ ಗಂಟು ಬಿಚ್ಚಿದ್ದು 1957ರಲ್ಲಿ, ಇದೇ ದೋಆಬಿನ ಪೂರ್ವದ ತುದಿಯಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ.

ಮೂರು ಸುಳಿವು

1. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು.

2. ಬೇಲಿಯ ಕಂಬ ನೆಟ್ಟ ಗುಂಡಿಗಳು ಸಾಲಾಗಿ ಕಂಡವು. ಅಂದರೆ ಅದು ದೊಡ್ಡಿ! ದೇವದುರ್ಗದ ಕಡೆ ಎಷ್ಟೋ ಹಳ್ಳಿಗಳ ಹೆಸರು ಇವತ್ತಿಗೂ ಅದೇ ಪದದಿಂದ ಮುಗೀತದ ನೋಡ್ರಿ.

3. ಕಾಲ. ಇಂಗಾಲದ ಪರೀಕ್ಷೆ ಈ ದೊಡ್ಡಿಯನ್ನು ಕ್ರಿ.ಪೂ. 2000ಕ್ಕೂ ಹಿಂದಕ್ಕೆ ಒಯ್ದಿತು. ಆಗ ಇಲ್ಲಿ ಕಬ್ಬಿಣವೇ ಇರಲಿಲ್ಲ, ವಿಜಯನಗರವಂತೂ ದೂರದ ಮಾತು. ಎರಡು ಅನುಮಾನ ಒಟ್ಟಿಗೆ ಬಿದ್ದುಹೋದವು.

ಸಗಣಿ ಗಾಜಾಗುವುದು ಹೇಗೆ?

ಇದು ನಮ್ಮ ಸಿಲಬಸ್ಸಿನ ಪ್ರಶ್ನೆ. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಪೊಟ್ಯಾಶಿಯಂ ಕೂಡ. ದನ ಹುಲ್ಲು ತಿಂದರೂ ಸಿಲಿಕಾ ಕರಗದೆ ಸಗಣಿಯಲ್ಲಿ ಹೊರಬರುತ್ತದೆ. ಬರೀ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಕ್ಷಾರ ಸೇರಿದರೆ ಎಷ್ಟೋ ಕಡಿಮೆ ಶಾಖಕ್ಕೇ ಅದು ಕರಗುತ್ತದೆ. ಶಕ್ತಿನಗರದ ಆರ್‌ಟಿಪಿಎಸ್‌ನಂಥ ಸ್ಥಾವರಗಳ ಬಾಯ್ಲರಿನಲ್ಲಿ ಬೂದಿ ಕರಗಿ ಕ್ಲಿಂಕರ್ ಕಟ್ಟುತ್ತದಲ್ಲ, ಇದೂ ಅದೇ ಬಗೆ. ಲಂಡನ್ನಿನ ಪ್ರೊಫೆಸರ್ ಝಾಯ್ನರ್ ದಿಬ್ಬದ ಗಡ್ಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸಗಣಿಯೇ ಮೂಲ ಎಂದು ತೋರಿಸಿದರು. ನೆಲ ಹೇಳಿದ್ದೂ ಲ್ಯಾಬ್ ಹೇಳಿದ್ದೂ ಒಂದಕ್ಕೊಂದು ಹೊಂದಿತು. ಫೂಟ್ ಹೇಳಿದ್ದೇ ಸರಿ, ಆದರೆ ಅದು ಸಾಬೀತಾಗಲು ಇಷ್ಟೆಲ್ಲ ಬೇಕಾಯಿತು.

ಉಳಿದ ಪ್ರಶ್ನೆ

ಹೊಲಕ್ಕೆ ಗೊಬ್ಬರವಾಗುವ, ಒಲೆಗೆ ಕುಳ್ಳಾಗುವ ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದು ಯಾಕೆ? ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಂಥ ಹಬ್ಬದ ಬೇರು ಇದರಲ್ಲಿರಬಹುದು ಎಂದು ರೇಮಂಡ್ 1963ರ ತಮ್ಮ ಪುಸ್ತಕದಲ್ಲಿ ಊಹಿಸಿದರು. ಮುಂದೆ ಕೃಷ್ಣೆಯ ಆಚೆ, ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರ ತಂಡ ದಿಬ್ಬದ ಪಕ್ಕದಲ್ಲೇ ಜನರ ವಸತಿಯನ್ನೂ ಗುರುತಿಸಿತು. 'ಯಾಕೆ' ಎಂಬ ಚರ್ಚೆ ಮಾತ್ರ ಇನ್ನೂ ನಿಂತಿಲ್ಲ.

ಉತ್ತರ ಇರುವುದು ದಿಬ್ಬಗಳ ಒಳಗೆ. ಆದರೆ ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವೆಂದು ಹೊಲಕ್ಕೆ ಹೋಗಿದೆ. ಕುಡಿತಿನಿಯ ದೊಡ್ಡ ದಿಬ್ಬದ ಪಕ್ಕದಲ್ಲೇ ಹೆದ್ದಾರಿ ಇದೆ. ಒಂದು ಟ್ರ್ಯಾಕ್ಟರ್ ಬೂದಿ ಹೋಯಿತೆಂದರೆ ಅದರ ಜೊತೆ ಗೊರಸಿನ ಗುರುತೂ ಹೋಯಿತು. ಅದನ್ನು ಮತ್ತೆ ಯಾವ ಲ್ಯಾಬಿನಲ್ಲೂ ತಯಾರಿಸಲಾಗದು.

ಹಾಗಾಗಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಬೂದಿ ಬಣ್ಣದ ದಿಬ್ಬ ಕಂಡರೆ ಅಗೆಯಬೇಡಿ, ಗಡ್ಡೆ ಎತ್ತಿಕೊಂಡು ಬರಬೇಡಿ. ಫೋಟೊ ತೆಗೆಯಿರಿ, ಜಿಪಿಎಸ್ ಗುರುತು ಬರೆದುಕೊಳ್ಳಿ, ಅದಕ್ಕೆ ಏನಂತ ಕರೀತಾರೆ ಅಂತ ಊರ ಹಿರಿಯರನ್ನ ಕೇಳಿ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ. ಅಷ್ಟು ಮಾಡಿದರೆ ಮುಂದಿನ ಪತ್ತೇದಾರರಿಗೆ ಸುಳಿವಾದರೂ ಉಳಿದೀತು.