ಅಂಗಡಿಯ ಹೊಣೆ ಮತ್ತು ಎಳೆಯ ಹೆಗಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ವ್ಯಾಪಾರೋದ್ಯಮವು ಬಹುಮಟ್ಟಿಗೆ ಮನೆತನದ ಕಸುಬಾಗಿಯೇ ಬೆಳೆದುಬಂದಿದೆ. ತೊಗರಿಯ ಅಡತಿ, ದಾಲ್ ಮಿಲ್ಲು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ, ಸಿಮೆಂಟ್ ಸಾಗಿಸುವ ಲಾರಿ, ಇವುಗಳಲ್ಲಿ ಯಾವುದೇ ಆಗಲಿ, ತಂದೆಯ ಗದ್ದಿಗೆಯ ಮೇಲೆ ಮುಂದೆ ಮಕ್ಕಳು ಕುಳಿತುಕೊಳ್ಳುವರೆಂಬುದು ಅಲಿಖಿತ ನಿಯಮ. ಅದು ಅಲಿಖಿತವಾಗಿರುವುದರಿಂದಲೇ ಇಪ್ಪತ್ತೆರಡು, ಇಪ್ಪತ್ತೈದರ ಪ್ರಾಯದವರ ಮನಸ್ಸಿನ ಮೇಲೆ ಭಾರ ಹೆಚ್ಚುತ್ತದೆ. ಈ ಭಾರವನ್ನು ಹಗುರಗೊಳಿಸುವ ಬಗೆಯನ್ನು ವರ್ತಕ ಬಂಧುಗಳು ವಿಚಾರ ಮಾಡಬೇಕಾಗಿದೆ.

ಒತ್ತಡದ ಮೂಲ

ಉದಾಹರಣೆಗೆ ಒಂದು ದಾಲ್ ಮಿಲ್ಲಿನ ಮನೆಯನ್ನು ಊಹಿಸಿಕೊಳ್ಳಬಹುದು. ಮಗ ಪದವಿ ಮುಗಿಸಿ ಊರಿಗೆ ಮರಳಿದ್ದಾನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಿಲ್ಲಿನಲ್ಲಿ ದುಡಿಯುತ್ತಾನೆ, ಆದರೆ ಸಂಬಳವಿಲ್ಲ. ಪೆಟ್ರೋಲಿಗೂ ತಂದೆಯನ್ನು ಕೇಳಬೇಕು. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋದ ಸಹಪಾಠಿಗಳಿಗೆ ಪ್ರತಿ ತಿಂಗಳು ವೇತನ ಬರುತ್ತಿದೆ. ತಂದೆಯ ದೃಷ್ಟಿಯಲ್ಲಿ ಮಗ ಮುಂದಿನ ಯಜಮಾನ. ಮಗನ ದೃಷ್ಟಿಯಲ್ಲಿ ತಾನು ಕೂಲಿಯಿಲ್ಲದ ಗುಮಾಸ್ತ. ಇಬ್ಬರದೂ ತಪ್ಪಲ್ಲ. ಮಾತನಾಡಿ ನಿರ್ಧರಿಸದೆ ಬಿಟ್ಟದ್ದೇ ತಪ್ಪು.

ಇದರೊಡನೆ ಹಿರಿಯರು ನಡೆದ ದಾರಿಯೂ ಇಂದು ಹಾಗೆಯೇ ಉಳಿದಿಲ್ಲ. ವಾಡಿಯ ಎಸಿಸಿ ಕಾರ್ಖಾನೆ 2022ರಲ್ಲಿ ಅದಾನಿ ಸಮೂಹದ ಒಡೆತನಕ್ಕೆ ಬಂದಿತು. ಸೇಡಂನ ವಾಸವದತ್ತಾ ಸಿಮೆಂಟ್ 2025ರಲ್ಲಿ ಅಲ್ಟ್ರಾಟೆಕ್ ಸಂಸ್ಥೆಯಲ್ಲಿ ಸೇರಿತು. ದೊಡ್ಡ ಕಾರ್ಖಾನೆಗಳ ಒಡೆತನವೇ ಬದಲಾಗುವ ಕಾಲದಲ್ಲಿ, ತಂದೆಯ ಪರಿಚಯಗಳ ಬಲದಿಂದಲೇ ಸಾಗಣೆ ಅಥವಾ ಪೂರೈಕೆಯ ಗುತ್ತಿಗೆ ಮಗನಿಗೂ ದೊರೆಯುವುದೆಂದು ನಂಬಿ ಕೂರಲಾಗದು. ಆದುದರಿಂದ ‘ನಾವು ಮಾಡಿದಂತೆ ನೀನೂ ಮಾಡು’ ಎಂಬ ಉಪದೇಶವೊಂದೇ ಸಾಲದು.

ಮೌನವೂ ಸಮ್ಮತಿಯೇ

ಈ ವಿಷಯದಲ್ಲಿ ಕಾನೂನಿನ ಒಂದು ಅಂಶವನ್ನು ಅನೇಕರು ಗಮನಿಸುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 30ನೆಯ ಕಲಮಿನಂತೆ ಅಪ್ರಾಪ್ತ ವಯಸ್ಕನನ್ನು ಪಾಲುದಾರಿಕೆಯ ಲಾಭಕ್ಕೆ ಸೇರಿಸಿಕೊಳ್ಳಬಹುದು. ಆಗ ಸಂಸ್ಥೆಯ ಸಾಲಕ್ಕೆ ಅವನ ಪಾಲಷ್ಟೇ ಹೊಣೆ. ಅವನು ವೈಯಕ್ತಿಕವಾಗಿ ಹೊಣೆಗಾರನಲ್ಲ. ಪ್ರಾಪ್ತ ವಯಸ್ಸು ತುಂಬಿದ ಮೇಲೆ, ಅಥವಾ ತನ್ನನ್ನು ಹಾಗೆ ಸೇರಿಸಲಾಗಿದೆ ಎಂಬುದು ತಿಳಿದ ಮೇಲೆ, ಇವೆರಡರಲ್ಲಿ ಯಾವುದು ನಂತರದ್ದೋ ಆ ದಿನದಿಂದ ಆರು ತಿಂಗಳೊಳಗೆ ಅವನು ಪಾಲುದಾರನಾಗುವೆನೋ ಇಲ್ಲವೋ ಎಂದು ಸಾರ್ವಜನಿಕ ಪ್ರಕಟಣೆ ನೀಡಬಹುದು. ನೀಡದಿದ್ದರೆ ಅವಧಿ ಮುಗಿದೊಡನೆ ಪಾಲುದಾರನೇ ಆಗುತ್ತಾನೆ. ಅಷ್ಟೇ ಅಲ್ಲ, ಲಾಭಕ್ಕೆ ಸೇರಿದ ದಿನದಿಂದ ಸಂಸ್ಥೆ ಮಾಡಿದ ವ್ಯವಹಾರಗಳಿಗೆಲ್ಲ ಹೊರಗಿನವರಿಗೆ ವೈಯಕ್ತಿಕವಾಗಿ ಹೊಣೆಯಾಗುತ್ತಾನೆ.

ಜಾಮೀನಿನ ಸಹಿಯೂ ಹೀಗೆಯೇ. 1872ರ ಕರಾರು ಅಧಿನಿಯಮದ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ‘ಮನೆಯ ಕಾಗದ, ಸಹಿ ಹಾಕು’ ಎಂದು ಮಗನ ಅಥವಾ ಮಗಳ ಮುಂದೆ ಕಾಗದ ಹಿಡಿಯುವ ಮುನ್ನ ಅದರಲ್ಲಿ ಏನಿದೆ, ಬಾಕಿ ಎಷ್ಟಿದೆ ಎಂಬುದನ್ನು ತಿಳಿಸುವುದು ಹಿರಿಯರ ಧರ್ಮ. ಗೊತ್ತಿರುವ ಸಾಲಕ್ಕಿಂತ ಗೊತ್ತಿಲ್ಲದ ಸಾಲವೇ ಹೆಚ್ಚು ನಿದ್ದೆಗೆಡಿಸುತ್ತದೆ.

ಲೆಕ್ಕವೇ ಮದ್ದು

ಹೊಸ ತಲೆಮಾರಿನ ಒತ್ತಡವನ್ನು ತಗ್ಗಿಸಲು ಈ ಕೆಳಗಿನ ಕ್ರಮಗಳು ಉಪಯುಕ್ತ.

1. ಸಂಬಳ: ಅಂಗಡಿಯಲ್ಲಿ ದುಡಿಯುವ ಮಗ, ಮಗಳು, ಸೊಸೆ ಯಾರೇ ಇರಲಿ, ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ ಅವರ ಖಾತೆಗೇ ಜಮಾ ಮಾಡಬೇಕು. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಸ್ವಂತ ದುಡಿಮೆಯ ಹಣವೆಂಬ ಭಾವನೆ ದೊಡ್ಡದು.

2. ಖಾತೆ ಪುಸ್ತಕ: ತಿಂಗಳಿಗೊಮ್ಮೆ ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ದಾಸ್ತಾನು ಇವುಗಳನ್ನು ಒಟ್ಟಿಗೆ ಕುಳಿತು ನೋಡಬೇಕು. ನಷ್ಟದ ತಿಂಗಳನ್ನು ಮುಚ್ಚಿಡಬಾರದು. ತಂದೆಗೂ ನಷ್ಟವಾಗುತ್ತದೆಂದು ಕಂಡ ಮಗ ತನ್ನ ಸೋಲಿಗೆ ಅಷ್ಟಾಗಿ ಹೆದರುವುದಿಲ್ಲ.

3. ವಸೂಲಿ: ಸಿಕ್ಕಿಬಿದ್ದ ಉದ್ದರಿಯ ವಸೂಲಿಗೆ ಎಳೆಯರನ್ನು ಬರಿಗೈಯಲ್ಲಿ ಅಟ್ಟಬಾರದು. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮದಂತೆ ಕಿರು ಮತ್ತು ಸಣ್ಣ ಉತ್ಪಾದಕರಿಗೆ ಸಲ್ಲಬೇಕಾದ ಹಣಕ್ಕೆ ಒಪ್ಪಂದವಿದ್ದರೂ 45 ದಿನಗಳೇ ಗರಿಷ್ಠ ಗಡುವು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಪಾಲಿಶ್ ಘಟಕದಂಥ ಉತ್ಪಾದಕರು ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನು ಮುದ್ರಿಸುವುದು ಲೇಸು. ಬರೀ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲದಿರುವುದರಿಂದ ಅವರು ಉದ್ದರಿಗೆ ಮೊದಲೇ ಮಿತಿ ಹಾಕಿಕೊಳ್ಳಬೇಕು.

4. ಆಡಂಬರದ ಸಾಲ: ಹತ್ತು ಲಕ್ಷ ರೂಪಾಯಿಯ ಕಾರನ್ನು ಶೇಕಡಾ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಮಾಡಿ ಕೊಂಡರೆ ತಿಂಗಳ ಕಂತು ಸುಮಾರು 22,250 ರೂಪಾಯಿ. ನೂರು ರೂಪಾಯಿ ವಹಿವಾಟಿಗೆ ಎರಡು ರೂಪಾಯಿ ಉಳಿಯುವ ಅಂಗಡಿಯು ಈ ಕಂತಿಗಾಗಿಯೇ ತಿಂಗಳಿಗೆ ಹನ್ನೊಂದು ಲಕ್ಷಕ್ಕೂ ಮಿಗಿಲಾದ ವ್ಯಾಪಾರ ಮಾಡಬೇಕು. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದರೆ ನೆರೆಮನೆಯ ಕಾರು ಅಷ್ಟೊಂದು ಹೊಳೆಯುವುದಿಲ್ಲ.

5. ಪ್ರಯೋಗದ ಮಿತಿ: ಮಗ ಅಥವಾ ಮಗಳು ಹೊಸ ವ್ಯವಹಾರ ಆರಂಭಿಸಬಯಸಿದರೆ ಇಷ್ಟು ಹಣ, ಇಷ್ಟು ಅವಧಿ ಎಂದು ಮೊದಲೇ ಬರೆದುಕೊಳ್ಳಬೇಕು. ಆ ಮಿತಿಯೊಳಗಿನ ನಷ್ಟವನ್ನು ಕಲಿಕೆಯ ಖರ್ಚೆಂದು ಬರೆದು, ಮತ್ತೆ ಎತ್ತಿ ಆಡದಿರಬೇಕು.

ಮನಸ್ಸಿನ ಆರೋಗ್ಯ

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಫೋನ್ ಎತ್ತಲು ಅಂಜುವುದು, ಬದುಕೇ ಬೇಡವೆಂಬ ಮಾತು, ಇವನ್ನು ಸೋಮಾರಿತನವೆಂದೋ ನಾಟಕವೆಂದೋ ತಳ್ಳಿಹಾಕಬಾರದು. ಯಂತ್ರದ ಬೇರಿಂಗ್ ಸದ್ದು ಮಾಡಿದರೆ ಮಿಲ್ಲು ನಿಲ್ಲಿಸಿ ನೋಡುವ ಉದ್ಯಮಿ ಮನೆಯ ಮಗುವಿನ ವಿಷಯದಲ್ಲಿ ತಡಮಾಡಲಾಗದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚಪಡಬೇಕಿಲ್ಲ.

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ಈ ನಾಡಿನ ಎಲ್ಲರಿಗೂ ತಿಳಿದದ್ದೇ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿ ಕಳಿಸಿದಳು. ಎಷ್ಟು ಸಾಕು ಎಂಬುದನ್ನು ಅಳೆಯಬಲ್ಲ ಕಣ್ಣು ಆ ಮನೆಯಲ್ಲಿತ್ತು. ವ್ಯಾಪಾರಿಗೆ ಬೆಳವಣಿಗೆ ಬೇಕು ನಿಜ. ಆದರೆ ಮಕ್ಕಳು ಎಷ್ಟು ಗಳಿಸಿದರೆ, ಯಾವಾಗ ಗಳಿಸಿದರೆ ಸಾಕು ಎಂಬುದನ್ನು ಹಿರಿಯರು ಬಾಯಿಬಿಟ್ಟು ಹೇಳದಿದ್ದರೆ ಎಷ್ಟು ಗಳಿಸಿದರೂ ಅವರಿಗೆ ತಾವು ಸೋತಂತೆಯೇ ತೋರುತ್ತದೆ. ಮುಂದಿನ ತೊಗರಿ ಸುಗ್ಗಿಗೆ ಹೊಸ ಖಾತೆ ತೆರೆಯುವಾಗ ಪ್ರತಿಯೊಬ್ಬ ವರ್ತಕರೂ ಮೊದಲ ಪುಟದಲ್ಲಿ ಮಕ್ಕಳ ಕೆಲಸ, ಸಂಬಳ ಮತ್ತು ಹೊಣೆಯ ಮಿತಿಯನ್ನು ಬರೆದಿಡುವರೆಂದು ಆಶಿಸೋಣ.