ಉಪ್ಪುನೀರಿನ ಮೀನಿನ ಬಿಳಿಚುಕ್ಕೆ ರೋಗ: ಚುಕ್ಕೆ ಮಾಯವಾದರೆ ಸಾಲದು

ಸಮುದ್ರದ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಈಗ ರೈತರ ಮನೆಗಳಿಗೂ ಬಂದಿದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಕ್ಲೌನ್ ಮೀನೆಂದರೆ ಮಕ್ಕಳಿಗೆ ಪ್ರಾಣ. ಆದರೆ ಹಣ ಕೊಟ್ಟು ತಂದ ಈ ಮೀನುಗಳನ್ನೆಲ್ಲ ಒಂದೆರಡು ವಾರದಲ್ಲೇ ಕಳೆದುಬಿಡಬಲ್ಲ ಒಂದು ಪರೋಪಜೀವಿ ಇದೆ. ಅದರ ಹೆಸರು ಕ್ರಿಪ್ಟೋಕಾರಿಯಾನ್. ಅದರ ಬಗ್ಗೆ ನಾವು ಸ್ವಲ್ಪ ತಿಳಿದುಕೊಳ್ಳೋಣ.

ಲಕ್ಷಣಗಳು: ಮೈಮೇಲೆ, ರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಮೈಯನ್ನು ಕಲ್ಲಿಗೆ ಉಜ್ಜುತ್ತದೆ, ಬೇಗ ಬೇಗ ಉಸಿರಾಡುತ್ತದೆ, ಆಹಾರ ಬಿಡುತ್ತದೆ. ಕಿವಿರಿಗೆ ಮಾತ್ರ ಹತ್ತಿದ್ದರೆ ಚುಕ್ಕೆ ಕಾಣದೆಯೂ ಮೀನು ಸಾಯಬಹುದು.

ದನದ ಉಣುಗನ್ನು ಬಲ್ಲವರಿಗೆ ಈ ರೋಗದ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಉಣುಗು ಹೊಟ್ಟೆತುಂಬ ರಕ್ತ ಕುಡಿದು ಕೆಳಗೆ ಬೀಳುತ್ತದೆ, ಹಟ್ಟಿಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ದನದ ಮೈ ಚೊಕ್ಕಟವಾಗಿ ಕಂಡರೂ ಹಟ್ಟಿ ಚೊಕ್ಕಟವಾಗಿರುವುದಿಲ್ಲ. ಇದೂ ಹಾಗೆಯೇ. ಮೀನಿನ ಚರ್ಮದೊಳಗೆ 3ರಿಂದ 7 ದಿನವಿದ್ದು, ಬಲಿತು, ಉದುರಿ, ತಳದ ಮರಳಿನಲ್ಲಿ ಕೋಶ ಕಟ್ಟಿಕೊಳ್ಳುತ್ತದೆ. ಆಗ ಚುಕ್ಕೆ ಮಾಯವಾಗುತ್ತದೆ, ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ. ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ ಒಂದೊಂದು ಕೋಶದಿಂದ 200ರವರೆಗೆ ಮರಿಗಳು ಹೊರಬಂದು ಮೀನನ್ನು ಹುಡುಕುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ. ನಮ್ಮ ಚಿಕಿತ್ಸೆಯೆಲ್ಲ ಈ ಒಂದು ದೌರ್ಬಲ್ಯವನ್ನೇ ನಂಬಿದೆ.

ಚಿಕಿತ್ಸೆ:

1. ಎಲ್ಲ ಮೀನುಗಳನ್ನೂ ಬೇರೆ ತೊಟ್ಟಿಗೆ ತೆಗೆಯಿರಿ. ಅಲ್ಲಿ ಮರಳು, ಕಲ್ಲು ಬೇಡ. ಹಳೆಯ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಒಂದು ಮೀನೂ ಇರಬಾರದು. ಕೆಲವು ಕೋಶಗಳು 72 ದಿನ ಬದುಕಿದ್ದುಂಟು.

2. ಮದ್ದಿಲ್ಲದ ಉಪಾಯವೊಂದಿದೆ. ಮೂರು ದಿನಕ್ಕೊಮ್ಮೆ ಹೊಸ ಉಪ್ಪುನೀರು ತುಂಬಿದ ಶುದ್ಧ ತೊಟ್ಟಿಗೆ ಮೀನನ್ನು ಬದಲಿಸಿ. ಹೀಗೆ ನಾಲ್ಕು ಸಲ. ಖಾಲಿಯಾದ ತೊಟ್ಟಿಯನ್ನೂ ಬಲೆಯನ್ನೂ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಉದುರಿದ್ದು ಹಿಂದೆ ಉಳಿಯುತ್ತದೆ, ಮೀನು ಮುಂದೆ ಹೋಗುತ್ತದೆ.

3. ತಾಮ್ರದ ಮದ್ದು ಕೆಲಸ ಮಾಡುತ್ತದೆ. ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಕನಿಷ್ಠ ಮೂರು ವಾರ ಒಂದೇ ಮಟ್ಟದಲ್ಲಿ ಇಡಬೇಕು. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ. ಅಳೆಯುವ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತನ್ನು ಚಿಟಿಕೆ ಲೆಕ್ಕದಲ್ಲಿ ಹಾಕಲೇಬೇಡಿ. ಹವಳ, ಸೀಗಡಿ, ಶಂಖದ ಹುಳುಗಳಿಗೆ ತಾಮ್ರ ವಿಷ.

ಸಿಹಿನೀರಿನಲ್ಲಿ ಒಂದೈದು ನಿಮಿಷ ಅದ್ದಿದರೆ ಮೈಗಂಟಿದ ಚಪ್ಪಟೆ ಹುಳುಗಳು ಉದುರುತ್ತವೆ ನಿಜ. ಆದರೆ ಬಿಳಿಚುಕ್ಕೆಯ ಜೀವಿ ಚರ್ಮದ ಒಳಗಿರುವುದರಿಂದ ಅದಕ್ಕೆ ಏನೂ ಆಗದು.

ತಡೆಗಟ್ಟುವುದು: ಹೊಸ ಮೀನನ್ನು ಅಂಗಡಿಯಿಂದ ತಂದ ಕೂಡಲೆ ಹಳೆಯವುಗಳ ಜೊತೆ ಬಿಡಬೇಡಿ. ಹೊಸ ಹಸುವನ್ನು ಕೆಲವು ದಿನ ಬೇರೆ ಕಟ್ಟುವಂತೆ, 30 ದಿನ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಅದಕ್ಕೆ ಬಲೆ, ಬಕೆಟ್ ಬೇರೆಯೇ ಇರಲಿ. ಅಂಗಡಿಯ ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಹವಳ, ಕಲ್ಲುಗಳಿಗೆ ಅಂಟಿಕೊಂಡೂ ಕೋಶಗಳು ಬರುತ್ತವೆ. ಮೀನು ಕಿಕ್ಕಿರಿಯದಂತೆ, ನೀರಿನ ಬಿಸಿ ಏರಿಳಿಯದಂತೆ ನೋಡಿಕೊಳ್ಳಿ.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಕೈಯಲ್ಲಿ ಗಾಯವಿದ್ದರೆ ತೊಟ್ಟಿಗೆ ಕೈಹಾಕಬೇಡಿ. ಮೀನಿನ ನೀರಿನಿಂದ ಚರ್ಮಕ್ಕೆ ಹತ್ತುವ ಬೇರೆ ರೋಗಾಣುಗಳಿವೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮದ್ದು ಬೆರೆತ ಉಪ್ಪುನೀರನ್ನು ಬಾವಿಯ ಹತ್ತಿರವಾಗಲಿ, ಗಿಡದ ಬುಡಕ್ಕಾಗಲಿ ಚೆಲ್ಲಬೇಡಿ.

ಚುಕ್ಕೆ ಕಂಡ ಮೇಲೆ ಓಡಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಎರಡನೆಯ ತೊಟ್ಟಿಯೊಂದನ್ನು ಮೊದಲೇ ಸಿದ್ಧವಾಗಿಟ್ಟು, ಆಮೇಲೆ ಮೀನು ತನ್ನಿ.