ಕಾಯುವುದು, ಕಾಪಾಡುವುದು, ಪಾರುಮಾಡುವುದು: ರಕ್ಷಣಾರ್ಥಕ ಪದಗಳ ಬೋಧನೆ

‘ರಕ್ಷಿಸು’ ಎಂಬ ಪದಕ್ಕೆ ಸಮಾನಾರ್ಥಕಗಳನ್ನು ಬರೆಯಿರಿ ಎಂದರೆ ವಿದ್ಯಾರ್ಥಿಯು ಕಾಯು, ಕಾಪಾಡು, ಸಲಹು, ಪೊರೆ, ಪಾಲಿಸು, ಉಳಿಸು, ಪಾರುಮಾಡು ಎಂದು ಸಾಲಾಗಿ ಬರೆದು ಪೂರ್ಣಾಂಕ ಪಡೆಯುತ್ತಾನೆ. ಅದೇ ವಿದ್ಯಾರ್ಥಿ ಮರುದಿನ ‘ಬಾವಿಗೆ ಬಿದ್ದ ಕರುವನ್ನು ಊರವರು ಕಾದರು’ ಎಂದು ಬರೆದರೆ ತಪ್ಪು ಅವನದಲ್ಲ, ಪಟ್ಟಿಯದು. ಕರುವನ್ನು ಮೇಲೆತ್ತದೆ ಊರವರು ಬಾವಿಕಟ್ಟೆಯಲ್ಲಿ ಕುಳಿತಿದ್ದರೆಂದೇ ಆ ವಾಕ್ಯ ಹೇಳುತ್ತದೆ.

ಈ ಪದಗಳನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಅಪಾಯ ಎಲ್ಲಿದೆ? ಅದು ಇನ್ನೂ ದೂರದಲ್ಲಿದ್ದರೆ ಕಾಯುವುದು. ತಾಳವಾಡಿಯ ರೈತನು ಆನೆ ನುಗ್ಗದಂತೆ ಇರುಳೆಲ್ಲ ಹೊಲ ಕಾಯುತ್ತಾನೆ. ‘ಕಾಯು’ ಎಂಬುದಕ್ಕೆ ನಿರೀಕ್ಷಿಸು ಎಂಬ ಅರ್ಥವೂ ಇರುವುದು ಇಲ್ಲಿ ಹೊಂದುತ್ತದೆ. ಕಾವಲಿನಲ್ಲಿ ಅರ್ಧಪಾಲು ಎದುರುನೋಡುವಿಕೆಯೇ. ಅಪಾಯ ಬಂದೆರಗಿದ ಮೇಲೆ ಬಿಡಿಸುವುದು, ಪಾರುಮಾಡುವುದು. ಸಂಸ್ಕೃತದ ‘ಪಾರ’ ಎಂದರೆ ಆಚೆಯ ದಡ. ಮುಳುಗುತ್ತಿದ್ದವನನ್ನು ದಡ ಸೇರಿಸಿದ ಚಿತ್ರ ಈ ಪದದೊಳಗಿದೆ. ‘ಕಾಪಾಡು’ ಎಂಬುದು ಎರಡು ಕಡೆಯೂ ಸಲ್ಲುತ್ತದೆ. ಆದುದರಿಂದಲೇ ಮಕ್ಕಳು ಅದನ್ನು ಎಲ್ಲೆಡೆ ಬಳಸಿ ಉಳಿದವನ್ನು ಮರೆಯುತ್ತಾರೆ.

ಸಲಹುವುದಕ್ಕೂ ಪೊರೆಯುವುದಕ್ಕೂ ಅಪಾಯವೇ ಬೇಕಿಲ್ಲ. ಉಣಿಸುವುದು, ಬೆಳೆಸುವುದು, ಜೊತೆಗಿರುವುದು ಅವುಗಳ ಅರ್ಥ. ‘ಪೊರೆ’ಯ ವಿಷಯದಲ್ಲಿ ಶಿಕ್ಷಕರು ತುಸು ನಿಲ್ಲಬೇಕು. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆಯಿತು ಎಂದು ಕಲಿತ ಮಗು ‘ಪೊರೆ’ಯನ್ನೂ ‘ಹೊರೆ’ ಎಂದು ತಿದ್ದಿದರೆ, ‘ದೇವರೇ ಪೊರೆ’ ಎಂಬ ಮೊರೆ ‘ದೇವರೇ ಹೊರೆ’ ಎಂದಾಗಿಬಿಡುತ್ತದೆ! ಈ ಕ್ರಿಯಾಪದ ಕಾವ್ಯದಲ್ಲಿಯೂ ಪ್ರಾರ್ಥನೆಯಲ್ಲಿಯೂ ಪಕಾರದೊಡನೆಯೇ ಉಳಿದಿದೆ. ಕಣ್ಣಿನ ಪೊರೆ ಬೇರೆಯ ಪದ. ‘ಪಾಲಿಸು’ ಇಂದು ಹೆಚ್ಚಾಗಿ ನಿಯಮಗಳಿಗೆ ಸಲ್ಲುತ್ತದೆ. ‘ಉಳಿಸು’ ಪ್ರಾಣಕ್ಕೂ ಹಣಕ್ಕೂ ಆಗುತ್ತದೆ.

ಪತ್ರಿಕಾಭಾಷೆಯಲ್ಲಿ ‘ರಕ್ಷಣೆ’ಯ ಮೇಲೆ ಮಿತಿಮೀರಿದ ಭಾರ ಬಿದ್ದಿದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದಾಗ ಸಿಲುಕಿದವರನ್ನು ಹೊರತಂದ ಕೆಲಸ ‘ರಕ್ಷಣಾ ಕಾರ್ಯಾಚರಣೆ’. ಅಲ್ಲಿಗೆ ಬಂದು ಸೇತುವೆ ಕಟ್ಟಿದ ಸೇನೆ ಸೇರಿರುವುದು ‘ರಕ್ಷಣಾ ಸಚಿವಾಲಯ’ಕ್ಕೆ. ಮೊದಲನೆಯದು ಪಾರುಮಾಡುವುದು, ಎರಡನೆಯದು ದೇಶ ಕಾಯುವುದು. ಎರಡಕ್ಕೂ ಒಂದೇ ಪದ.

ಗಡಿನಾಡಿನ ತರಗತಿಯಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ನಾವು ‘ರಕ್ಷಣಾ ಸಚಿವ’ ಎನ್ನುವವರನ್ನು ಕಾಸರಗೋಡಿನ ಮಗು ಮಲಯಾಳದಲ್ಲಿ ‘ಪ್ರತಿರೋಧ ಮಂತ್ರಿ’ ಎಂದು ಓದುತ್ತದೆ. ಕನ್ನಡದಲ್ಲಿ ಪ್ರತಿರೋಧವೆಂದರೆ ಎದುರಿಸಿ ನಿಲ್ಲುವುದು. ಸೊಲ್ಲಾಪುರ, ಅಕ್ಕಲಕೋಟೆಗಳ ಮಗುವಿಗೆ ಅವರೇ ‘ಸಂರಕ್ಷಣ ಮಂತ್ರಿ’. ಕನ್ನಡದ ‘ಸಂರಕ್ಷಣೆ’ಯಾದರೋ ಕಾಡು, ಶಾಸನ, ತಾಳೆಗರಿಗಳನ್ನು ಕೆಡದಂತೆ ಇರಿಸಿಕೊಳ್ಳುವುದಕ್ಕೆ ಸಲ್ಲುವ ಪದ. ತೆಲುಗಿನಲ್ಲಿ ಆರೋಗ್ಯದ ಆರೈಕೆಯೂ ‘ಸಂರಕ್ಷಣ’ವೇ. ಮರಾಠಿಯ ‘ವಾಚಣೆ’ಗೆ ಓದುವುದು, ಬದುಕುಳಿಯುವುದು ಎಂಬ ಎರಡು ಅರ್ಥಗಳಿವೆ; ಕನ್ನಡದ ‘ವಾಚಿಸು’ವಿನಲ್ಲಿ ಓದು ಮಾತ್ರ ಉಂಟು. ನೆರೆನುಡಿ ತೊಡಕನ್ನು ಮಾತ್ರವೇ ತರುವುದಿಲ್ಲ. ತೆಲುಗಿನ ‘ಕಾಪಾಡು’ ಕನ್ನಡದ್ದೇ ರೂಪ, ತಮಿಳಿನ ‘ಕಾಪ್ಪಾಟ್ರು’ ಅದರ ಹತ್ತಿರದ ನೆಂಟ. ಅದೋನಿ, ಹೊಸೂರುಗಳ ಶಿಕ್ಷಕರು ಪಾಠವನ್ನು ಅಲ್ಲಿಂದಲೇ ತೊಡಗಬಹುದು.

ಪದದ ಆಯ್ಕೆಯಿಂದ ಕೆಲಸ ಕೆಡುವುದೂ ಉಂಟು. ‘ನಮ್ಮ ಬೆಳೆಯನ್ನು ರಕ್ಷಿಸಿ’ ಎಂದಷ್ಟೇ ಬರೆದ ಅರ್ಜಿ ಕಾವಲುಗಾರನನ್ನು ಬೇಡುತ್ತಿದೆಯೋ, ಆನೆಕಂದಕವನ್ನೋ, ಪರಿಹಾರಧನವನ್ನೋ ತಿಳಿಯದು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡಿನಂಚಿನ ಹಳ್ಳಿಗಳಲ್ಲಿ ‘ಸಂರಕ್ಷಿತ’ ಆನೆಯಿಂದಲೇ ಹೊಲವನ್ನು ‘ಕಾಯ’ಬೇಕಾಗಿದೆ. ಎಂಟನೆಯ ತರಗತಿಯ ಮಕ್ಕಳಿಂದ ಅರಣ್ಯಾಧಿಕಾರಿಗೆ ಇಂಥದೊಂದು ಅರ್ಜಿಯನ್ನು ‘ರಕ್ಷಣೆ’ ಎಂಬ ಪದವನ್ನೇ ಬಳಸದೆ ಬರೆಯಿಸಬೇಕು. ಬೇಡಿಕೆ ಏನೆಂಬುದನ್ನು ಪಕ್ಕದ ಮಗು ಓದಿ ಹೇಳಲಿ. ಹೇಳಲಾಗದಿದ್ದರೆ ಬರೆದವರು ಇನ್ನೊಮ್ಮೆ ಬರೆಯಲಿ.